ರೇಷನ್ ಅಕ್ಕಿ ಉಣ್ಣೋ ಮನೇಲಿ ಬೊಜ್ಜು ಬರೋದು ಹೇಗೆ?

ಸೊಂಟದಪಟ್ಟಿ
ಆಹಾರ, ಆರೋಗ್ಯದ ಲೆಕ್ಕ ಗೊತ್ತಿರೋರು ಇಲ್ಲಿ ಸುಮಾರು ಜನ ಇದ್ದೀರ ಅಂತ ಕೇಳ್ತಿದೀನಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ) 25 ಮುಟ್ಟಿದ, ದಾಟಿದ ಹೆಂಗಸರು 2015-16ರಲ್ಲಿ ಶೇ 23.3 ಇದ್ರು, 2019-21ಕ್ಕೆ ಶೇ 30.1. ಗಂಡಸರು ಶೇ 22.1ರಿಂದ ಶೇ 30.9. ಅದೇ ಸಮೀಕ್ಷೆಯಲ್ಲಿ ಇದೇ ರಾಜ್ಯದ ಐದು ವರ್ಷದೊಳಗಿನ ಮಕ್ಕಳ ಪೈಕಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದೋರು ಶೇ 35.4. ರಕ್ತಹೀನತೆ ಇರೋ ಹೆಂಗಸರು ಶೇ 47.8.

ಅಂದ್ರೆ ಒಂದೇ ಮನೇಲಿ ಕುಳ್ಳಗಾದ ಮಗು, ರಕ್ತ ಇಲ್ಲದ ತಾಯಿ, ಮತ್ತೆ ಆ ತಾಯಿಗೇ ಹೊಟ್ಟೆ ಬೊಜ್ಜು. ಟಿವಿಯಲ್ಲಿ ಕೂತ ತಜ್ಞರು ‘ಜಂಕ್ ಫುಡ್ ಬಿಡಿ, ವಾಕಿಂಗ್ ಮಾಡಿ’ ಅಂತ ಹೇಳಿ ಎದ್ದು ಹೋಗ್ತಾರೆ. ನಾಲ್ಕು ಮನೆ ಪಾತ್ರೆ ತೊಳೆದು ಬರೋ ಹೆಂಗಸಿಗೆ ವಾಕಿಂಗ್ ಹೇಳೋದಾ? ಇದು ದುಡ್ಡಿನ ಸಮಸ್ಯೆಯೋ, ಅಭ್ಯಾಸದ್ದೋ? ರೇಷನ್ನು, ಕ್ಯಾಂಟೀನು, ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ನಿಜವಾಗಿ ಏನು ಬದಲಾಯಿಸಬಹುದು?

ನೇರಮಾತು
ಇದರಲ್ಲಿ ಒಗಟೇನಿದೆ? ತಿನ್ನೋದು ಜಾಸ್ತಿ, ಮೈ ಬಗ್ಗಿಸೋದು ಕಮ್ಮಿ. ಪುಕ್ಕಟೆ ಅಕ್ಕಿ ಕೊಟ್ಟು ಕೂರಿಸಿದ್ದಾರೆ, ಅಷ್ಟೇ.

ಬೀದಿದೀಪ
ಬಂತು ನೋಡಿ, ಮೊದಲನೇ ಉತ್ತರಕ್ಕೇ.

ಲೆಕ್ಕಾಚಾರಿ
@ನೇರಮಾತು ಕೂರಿಸಿದ್ದಾರೋ ಇಲ್ವೋ ಆಮೇಲೆ ನೋಡೋಣ, ಮೊದಲು ತಕ್ಕಡಿಗೆ ಹಾಕಿ.

ತಲೆಗೆ ತಿಂಗಳಿಗೆ 10 ಕೆಜಿ ಅಕ್ಕಿ ಅಂದ್ರೆ ದಿನಕ್ಕೆ 333 ಗ್ರಾಂ, ಹತ್ತಿರ ಹತ್ತಿರ 1,180 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ತಟ್ಟೆ 2,000 ಕ್ಯಾಲೊರಿದು. ಅದರಲ್ಲಿ ಧಾನ್ಯ ಬರೀ 250 ಗ್ರಾಂ. ತರಕಾರಿ 400, ಹಣ್ಣು 100, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85, ಕಡಲೆಕಾಯಿ ಥರದ ಬೀಜ 35, ಎಣ್ಣೆ 27 ಗ್ರಾಂ, ಹಾಲು 300 ಮಿಲಿ. ಧಾನ್ಯದ ಜಾಗ ರೇಷನ್ನಲ್ಲೇ ತುಂಬಿ ಚೆಲ್ತು. ಮಿಕ್ಕಿದ್ದೆಲ್ಲ ಅಂಗಡಿಯಿಂದ ಬರಬೇಕು.

ನಾಲ್ಕು ಜನಕ್ಕೆ ತಿಂಗಳ ಲೆಕ್ಕ ಹಾಕ್ತೀನಿ. ದರ ನಾನು ಹಿಡಿದಿದ್ದು, ನಿಮ್ಮೂರಿನದು ಬೇರೆ ಇದ್ರೆ ತಿದ್ದಿಕೊಳ್ಳಿ. ಬೇಳೆಕಾಳು 10.2 ಕೆಜಿ, 120 ರೂಪಾಯಿ ಮೇಲೆ 1,224. ತರಕಾರಿ 48 ಕೆಜಿ, 40ರ ಮೇಲೆ 1,920. ಹಣ್ಣು 12 ಕೆಜಿ, 60ರ ಮೇಲೆ 720. ಕಡಲೆಕಾಯಿ ಬೀಜ 4.2 ಕೆಜಿ, 140ರ ಮೇಲೆ 588. ಹಾಲು 36 ಲೀಟರ್, 46ರ ಮೇಲೆ 1,656. ಎಣ್ಣೆ ಮೂರೂವರೆ ಲೀಟರ್, 140ರ ಮೇಲೆ 490. ಒಟ್ಟು 6,598. ಗ್ಯಾಸು, ಉಪ್ಪು, ಹುಳಿ, ಖಾರ ಇನ್ನೂ ಸೇರಿಸಿಲ್ಲ. ತಿಂಗಳಿಗೆ ಹನ್ನೆರಡು-ಹದಿಮೂರು ಸಾವಿರ ದುಡಿಯೋ ಮನೇಲಿ ಅರ್ಧ ದುಡ್ಡು ಇಲ್ಲೇ ಹೋಯ್ತು. ಮನೆ ಬಾಡಿಗೆ ಯಾರು ಕಟ್ತಾರೆ?

ಹಾಗಾಗಿ ಏನಾಗುತ್ತೆ ಅಂದ್ರೆ ಹೊಟ್ಟೆ ತುಂಬಿಸೋ ಕೆಲಸ ಅಕ್ಕಿಗೆ, ರುಚಿ ಕೊಡೋ ಕೆಲಸ ಎಣ್ಣೆಗೆ. ಬೇಳೆ, ಹಣ್ಣು, ಹಾಲು ಕೈ ಬಿಡುತ್ತೆ.

ಜೋಳದರೊಟ್ಟಿ
ತರಕಾರಿ ಕೆಜಿಗೆ 40 ಭಾಳ ಆತ್ರೀ. ಸಂತಿ ಮುಗಿಯೂ ಹೊತ್ತಿಗೆ ಹೋದ್ರ 20ಕ್ಕ ಸಿಗ್ತಾವು. ಪಲ್ಯೆದ ಸೊಪ್ಪಂತೂ ಇನ್ನೂ ಅಗ್ಗ.

ಲೆಕ್ಕಾಚಾರಿ
ಒಪ್ಪಿದೆ, 20 ಅಂತಲೇ ಹಿಡೀರಿ. 960 ಇಳೀತು, ಒಟ್ಟು 5,638. ಬಾಡಿಗೆ ಪ್ರಶ್ನೆ ಇನ್ನೂ ಅಲ್ಲೇ ಇದೆ.

ನೇರಮಾತು
ನಿಮ್ಮ ಅಂಕಿಅಂಶದಿಂದಲೇ ಹೊಡೀತೀನಿ. ಅದೇ ಸಮೀಕ್ಷೆಯಲ್ಲಿ ದೇಶದ ಮಟ್ಟದಲ್ಲಿ ನಗರದ ಹೆಂಗಸರಲ್ಲಿ ಅತಿತೂಕ ಶೇ 33.2, ಹಳ್ಳೀಲಿ ಶೇ 19.7. ಆಸ್ತಿಪಾಸ್ತಿ ನೋಡಿ ಮಾಡಿದ ಐದು ಗುಂಪಲ್ಲಿ ತೀರಾ ಬಡವರಲ್ಲಿ ಶೇ 10ರ ಆಸುಪಾಸು, ಮೇಲಿನ ಗುಂಪಲ್ಲಿ ಶೇ 39. ಅಂದ್ರೆ ದಪ್ಪ ಆಗಿರೋರು ದುಡ್ಡಿರೋರೇ. ಇದರಲ್ಲಿ ಅಸಮಾನತೆ ಎಲ್ಲಿಂದ ತಂದ್ರಿ?

ತೂಕದಕಲ್ಲು
ಪ್ರಶ್ನೆ ಸರಿಯಾಗಿದೆ ಸಾರ್, ತಳ್ಳಿಹಾಕೋ ಹಾಗಿಲ್ಲ. ಇಲ್ಲಿ ಈಗಲೂ ದುಡ್ಡಿನ ಜೊತೆ ತೂಕ ಏರುತ್ತೆ. ಆದ್ರೆ ಮೂರು ಕಡೆ ಆ ಚಿತ್ರ ಮೋಸ ಮಾಡುತ್ತೆ.

ಮೊದಲನೇದು ಅಳತೆ. ಸಮೀಕ್ಷೆ ಹಿಡಿದಿದ್ದು ಬಿಎಂಐ 25. ಭಾರತೀಯರಿಗೆ ಇಲ್ಲಿನ ವೈದ್ಯರು 2009ರಲ್ಲಿ ಒಪ್ಪಿಕೊಂಡಿದ್ದು 23 ದಾಟಿದ್ರೆ ಅತಿತೂಕ, 25 ದಾಟಿದ್ರೆ ಬೊಜ್ಜು. ಸೊಂಟ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90. ಅದೇ ಸಮೀಕ್ಷೆ ಸೊಂಟ-ನಿತಂಬದ ಅನುಪಾತನೂ ಅಳೆದಿದೆ. ದೇಶದಲ್ಲಿ ಶೇ 56.7 ಹೆಂಗಸರು, ಶೇ 47.7 ಗಂಡಸರು ಅಪಾಯದ ಗೆರೆ ದಾಟಿದ್ದಾರೆ. ತೂಕದ ಅಂಕಿಗೆ ಹೋಲಿಸಿ ನೋಡಿ, ಎರಡು ಪಟ್ಟಿಗೂ ಮೇಲೆ. ಅಂದ್ರೆ ತಕ್ಕಡಿ ಮೇಲೆ ಸರಿಯಾಗೇ ಕಾಣೋರಿಗೂ ಹೊಟ್ಟೆ ಇದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮನ್ನೇ ಅಳೆದು ತೋರಿಸಿದ್ರು. ಇಬ್ಬರದೂ ಬಿಎಂಐ 22.3. ಬಿಳಿಯನ ಮೈಯಲ್ಲಿ ಕೊಬ್ಬು ಶೇ 9.1, ನಮ್ಮವರದ್ದು ಶೇ 21.2!

ಎರಡನೇದು ದಿಕ್ಕು. ಬಡ ದೇಶದಲ್ಲಿ ಬೊಜ್ಜು ಶ್ರೀಮಂತರದು. ದೇಶದ ಆದಾಯ ಏರಿದ ಹಾಗೆ ಅದು ಕೆಳಗಿಳಿದು ಬರುತ್ತೆ, ಮೊದಲು ಹೆಂಗಸರಲ್ಲಿ. ಬ್ರೆಜಿಲಿನ ಮೊಂಟೇರೊ ಮತ್ತಿತರರು 2004ರಲ್ಲಿ ಲೆಕ್ಕ ಹಾಕಿದಾಗ ತಲಾ ಆದಾಯ 2,500 ಡಾಲರ್ ಸುತ್ತಮುತ್ತ ಹೆಂಗಸರಲ್ಲಿ ಈ ತಿರುವು ಕಂಡಿತ್ತು. ಡಯಾಬಿಟಿಸ್‌ನಲ್ಲಿ ಅದು ನಮ್ಮಲ್ಲೂ ಶುರುವಾಗಿದೆ. ಐಸಿಎಂಆರ್-ಇಂಡಿಯಾಬ್ ಅನ್ನೋ ಡಯಾಬಿಟಿಸ್ ಅಧ್ಯಯನ 2017ರಲ್ಲಿ 15 ರಾಜ್ಯಗಳ ಲೆಕ್ಕ ಕೊಟ್ಟಾಗ, ಮುಂದುವರಿದ ರಾಜ್ಯಗಳ ನಗರಗಳಲ್ಲಿ ಸಕ್ಕರೆ ಕಾಯಿಲೆ ಉಳ್ಳವರಿಗಿಂತ ಕೆಳಸ್ತರದವರಲ್ಲೇ ಹೆಚ್ಚಿತ್ತು.

ಮೂರನೇದು, ಬಂದ ಮೇಲೆ ಏನಾಗುತ್ತೆ ಅನ್ನೋದು. ದುಡ್ಡಿರೋರಿಗೆ ಸಕ್ಕರೆ 140 ಇದ್ದಾಗಲೇ ಗೊತ್ತಾಗುತ್ತೆ. ದಿನಗೂಲಿಯವರಿಗೆ ಕಾಲಿನ ಗಾಯ ವಾಸಿ ಆಗದೇ ಇದ್ದಾಗ ಗೊತ್ತಾಗುತ್ತೆ.

ಬೀದಿದೀಪ
9.1 ಮತ್ತು 21.2. ಕನ್ನಡಿ ಮುಂದೆ ನಿಲ್ಲೋದೇ ಬೇಡ ಇವತ್ತು.

ಪಥ್ಯದಪುಟ
ಲೆಕ್ಕಾಚಾರಿ ಹೇಳಿದ ‘ಬೇಳೆ ಕೈ ಬಿಡುತ್ತೆ’ ಅನ್ನೋದು ಅಡುಗೆಮನೇಲಿ ಹೇಗೆ ಕಾಣುತ್ತೆ ಅಂತ ಹೇಳ್ತೀನಿ. ಬೇಳೆ ಯಾರೂ ನಿಲ್ಲಿಸಲ್ಲ, ಸಾರು ತೆಳ್ಳಗಾಗುತ್ತೆ. ನಾಲ್ಕು ಜನಕ್ಕೆ ಒಂದು ಹಿಡಿ, ಅಂದ್ರೆ 50 ಗ್ರಾಂ ತೊಗರಿಬೇಳೆ, ಜೊತೆಗೆ ಟೊಮೇಟೊ, ಹುಣಿಸೆ, ಸಾರಿನ ಪುಡಿ, ಒಂದೂವರೆ ಲೀಟರ್ ನೀರು. ತಲೆಗೆ 12 ಗ್ರಾಂ ಬೇಳೆ, ಎರಡೂವರೆ-ಮೂರು ಗ್ರಾಂ ಪ್ರೋಟೀನ್. ಬೇಳೆ ತಳದಲ್ಲಿ ಕೂರುತ್ತೆ. ಗಂಡಸರು-ಮಕ್ಕಳಿಗೆ ಬೇಕು ಅಂತ ಮೊದಲೇ ಕಲಕಿ ಹಾಕಿದ್ರೆ ಬೇಳೆ ಅವರಿಗೆ ಹೋಯ್ತು. ಕೊನೆಗೆ ಉಣ್ಣೋ ಹೆಂಗಸಿಗೆ ಉಳಿದ ಅನ್ನ, ಉಳಿದ ತಿಳಿ, ಒಂದು ಚೂರು ಉಪ್ಪಿನಕಾಯಿ. ಪ್ರೋಟೀನ್ ಕಮ್ಮಿ ಇದ್ದ ಊಟ ಬೇಗ ಹಸಿವು ತರುತ್ತೆ. ಮಧ್ಯಾಹ್ನ ನಾಲ್ಕಕ್ಕೆ ಟೀ ಜೊತೆ ಬನ್ನೋ ಬಿಸ್ಕತ್ತೋ ಬಂದು ಸೇರುತ್ತೆ. ಅದನ್ನ ‘ಬಾಯಿ ಚಪಲ’ ಅಂತಾರೆ.

ಅದೇ ದುಡ್ಡಲ್ಲಿ ಮಾಡಬಹುದಾದ ಬದಲಾವಣೆ ಇದೆ. ಒಂದು ಗ್ರಾಂ ಪ್ರೋಟೀನಿಗೆ ಎಷ್ಟು ಬೀಳುತ್ತೆ ನೋಡಿ: ಮೊಟ್ಟೆ (ಆರೂವರೆ ರೂಪಾಯಿಗೆ 6 ಗ್ರಾಂ) ಒಂದು ರೂಪಾಯಿ ಮೇಲೆ. ತೊಗರಿಬೇಳೆ ಐವತ್ತೈದು ಪೈಸೆ. ಹುರುಳಿಕಾಳು ಕೆಜಿಗೆ 80 ಅಂದ್ರೂ ಮೂವತ್ತೇಳು ಪೈಸೆ. ಸೋಯಾ ಚಂಕ್ಸ್ ಮೂವತ್ತು ಪೈಸೆ ಸುತ್ತ. ವಾರಕ್ಕೆ ಮೂರು ದಿನ ತೊಗರಿ ಸಾರಿನ ಜಾಗಕ್ಕೆ ಹುರುಳಿ ಬಸ್ಸಾರು ಬಂದ್ರೆ ಖರ್ಚು ಏರಲ್ಲ. ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಮುಖ್ಯವಾಗಿ ಕಾಳು ತಟ್ಟೆಗೆ ಬೀಳುತ್ತೆ, ತಳದಲ್ಲಿ ಉಳಿಯಲ್ಲ.

ನೇರಮಾತು
ನಮ್ಮ ಅಜ್ಜ-ಮುತ್ತಜ್ಜಂದಿರು ರಾಗಿ ಮುದ್ದೆ ತಿಂದು ಕಲ್ಲು ಗುಂಡಿನ ಹಾಗಿದ್ರು. ರೇಷನ್ನಲ್ಲಿ ಅಕ್ಕಿ ನಿಲ್ಲಿಸಿ ಪೂರ್ತಿ ರಾಗಿ ಕೊಡಲಿ, ಬೊಜ್ಜು ತಾನಾಗೇ ಇಳಿಯುತ್ತೆ.

ಪಥ್ಯದಪುಟ
ಇಳಿಯಲ್ಲ ಸಾರ್. ನೂರು ಗ್ರಾಂ ರಾಗಿ ಹಿಟ್ಟಲ್ಲಿ 320 ಕ್ಯಾಲೊರಿ, ನೂರು ಗ್ರಾಂ ಅಕ್ಕೀಲಿ 355. ಪ್ರೋಟೀನ್ ಎರಡರಲ್ಲೂ 7-8 ಗ್ರಾಂ. ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಬೀಳುತ್ತೆ. ಎರಡು ಮುದ್ದೆ ಇಳಿಸಿದ್ರೆ 600 ಕ್ಯಾಲೊರಿ ಆಯ್ತು. ರಾಗಿಯ ಲಾಭ ಬೇರೆ ಕಡೆ ಇದೆ: ನಾರು 11 ಗ್ರಾಂ, ಅಕ್ಕೀಲಿ 3 ಗ್ರಾಂ ಕೂಡ ಇಲ್ಲ; ಕ್ಯಾಲ್ಸಿಯಂ 360 ಮಿಲಿಗ್ರಾಂ ದಾಟುತ್ತೆ. ಹೊಟ್ಟೆ ತುಂಬಿದ್ದು ಹೆಚ್ಚು ಹೊತ್ತು ನಿಲ್ಲುತ್ತೆ. ಆದ್ರೆ ಅದನ್ನೇ ನುಣ್ಣಗೆ ಬೀಸಿ, ಜರಡಿ ಹಿಡಿದು, ಬೆಲ್ಲ ಹಾಕಿ ಮಾಲ್ಟ್ ಮಾಡಿ ಕುಡಿದ್ರೆ ಸಕ್ಕರೆ ಸರ್ರನೆ ಏರುತ್ತೆ. ‘ರಾಗಿ ಬಿಸ್ಕತ್’ ಪ್ಯಾಕೆಟ್ ತಿರುಗಿಸಿ ನೋಡಿ, ಎಷ್ಟೋ ಕಡೆ ಮೈದಾ, ಸಕ್ಕರೆ, ಪಾಮ್ ಎಣ್ಣೆನೂ ಇರುತ್ತೆ.

ಮತ್ತೆ ಆ ಅಜ್ಜಂದಿರು ದಿನಾ ನೇಗಿಲ ಹಿಂದೆ ನಡೀತಿದ್ರು. ಬಯಲುಸೀಮೇಲಿ ಅಕ್ಕಿ ಅನ್ನ ಹಬ್ಬಕ್ಕೆ ಮಾತ್ರ ಇದ್ದ ಕಾಲ ಅದು.

ಜೋಳದರೊಟ್ಟಿ
ರಾಗಿ ರಾಗಿ ಅಂತ ಅಲ್ಲೇ ಸುತ್ತಾಡ್ತೀರಲ್ರೀ, ಜ್ವಾಳ ಎಲ್ಲಿ ಹೋತು? ನೂರು ಗ್ರಾಂ ಬಿಳಿಜ್ವಾಳದಾಗ ಪ್ರೋಟೀನ್ 10 ಗ್ರಾಂ, ನಾರು 10 ಗ್ರಾಂ. ರೊಟ್ಟಿ ಬಡಿಯಾಕ ಎಣ್ಣಿನೂ ಬ್ಯಾಡ. ಆದ್ರ ಒಂದು ಮಾತು ಖರೆ, ಹತ್ತು ರೊಟ್ಟಿ ಬಡಿಯಾಕ ಮುಕ್ಕಾಲು ತಾಸು ಒಲಿ ಮುಂದ ಕೂರಬೇಕು. ಅಕ್ಕಿ ಕುಕ್ಕರ್‌ಗೆ ಹಾಕಿದ್ರ ಮೂರು ಸೀಟಿ. ಮುಂಜಾನೆ ಆರಕ್ಕ ಕೆಲಸಕ್ಕ ಹೊಂಡೂ ಹೆಣ್ಣುಮಗಳು ಯಾವುದನ್ನ ಆರಿಸ್ತಾಳ ನೀವ ಹೇಳ್ರಿ. ರೇಷನ್ ಅಂಗಡ್ಯಾಗ ಜ್ವಾಳ ಕೊಟ್ರ ಮುಗೀಲಿಲ್ಲ. ಗಿರಣಿ ಖರ್ಚು, ಹೊತ್ತು, ಎರಡೂ ಬೇಕು. ಮ್ಯಾಲ ಜ್ವಾಳದ ಹಿಟ್ಟು ಹಳೇದಾದ್ರ ಜಿಗುಟು ಹೋಗಿ ರೊಟ್ಟಿ ಹರೀತದ, ವಾರಕ್ಕೊಮ್ಮೆ ಬೀಸಿಸಬೇಕು.

ಕಡಲತಡಿ
ನಮ್ಮ ಕಡೆ ಕುಚ್ಚಲಕ್ಕಿ ಉಂಟಲ್ಲ ಮಾರಾಯ್ರೆ, ಅದರ ಮಾತೇ ಇಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಬಿ1 ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ. ಬೆಳ್ತಿಗೆ ಅಕ್ಕಿಗಿಂತ ಸಕ್ಕರೆ ಏರುವುದೂ ಸ್ವಲ್ಪ ನಿಧಾನ. ಆದರೆ ಅದಕ್ಕೆ ಗ್ಯಾಸ್ ಮುಕ್ಕಾಲು ಗಂಟೆ ಉರಿಯಬೇಕು. ಬಿಸಿ ಪೆಟ್ಟಿಗೆಯಲ್ಲಿಟ್ಟರೆ ಉಳಿಯುತ್ತದೆ: ಹದಿನೈದು ನಿಮಿಷ ಕೊತಕೊತ ಕುದಿಸಿ, ಮುಚ್ಚಳ ಹಾಕಿ, ಥರ್ಮಲ್ ಕುಕ್ಕರಿನೊಳಗೆ ಒಂದೂವರೆ ಗಂಟೆ ಇಡುವುದು. ಗಂಜಿಗೂ ಆಯಿತು, ಊಟಕ್ಕೂ ಆಯಿತು.

ಬೀದಿದೀಪ
ಅಕ್ಕಿ ಮಾತು ಬಂತಲ್ಲ, ರೇಷನ್ ಅಕ್ಕೀಲಿ ಪ್ಲಾಸ್ಟಿಕ್ ಕಾಳು ಬೆರೆಸ್ತಾರೆ, ನೀರಲ್ಲಿ ತೇಲುತ್ತೆ ಅಂತ ವಾಟ್ಸಾಪಲ್ಲಿ ಓಡಾಡ್ತಿದೆ. ಅದಕ್ಕೂ ಒಂದು ಉತ್ತರ ಕೊಟ್ಬಿಡಿ.

ಪಥ್ಯದಪುಟ
ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಚ್ಚಲ್ಲಿ ಒತ್ತಿ ತೆಗೆದಿದ್ದು. ನೂರು ಕಾಳಿಗೆ ಒಂದರಂತೆ ಬೆರೆಸ್ತಾರೆ. ಬಣ್ಣ ಸ್ವಲ್ಪ ಬೇರೆ, ಹಗುರ, ಹಾಗಾಗಿ ತೇಲುತ್ತೆ. ಆರಿಸಿ ಎಸೆದ್ರೆ ಇದ್ದಬದ್ದ ಕಬ್ಬಿಣನೂ ಹೋಯ್ತು. ಐದಾರು ಸಲ ತೊಳೆದು, ಗಂಜಿ ಬಸಿದು ಚೆಲ್ಲಿದ್ರೂ ಒಂದಷ್ಟು ನೀರಿನ ಜೊತೆ ಹೋಗುತ್ತೆ. ಎರಡು ಸಲ ತೊಳೆದ್ರೆ ಸಾಕು.

ನಿರ್ವಾಹಕ
ಅಕ್ಕಿ ಪುರಾಣಕ್ಕೆ ಬೇರೆ ಎಳೆ ಶುರು ಮಾಡಿ ಅಂತ ಹೇಳೋಣ ಅಂದ್ಕೊಂಡೆ, ಆದ್ರೆ ಪೂರ್ತಿ ವಿಷಯಾಂತರ ಅಂತಲೂ ಅನ್ನಿಸ್ತಿಲ್ಲ. ನಡೀಲಿ.

ಹೊಲಿಗೆಯಂತ್ರ
‘ಮೈ ಬಗ್ಗಿಸೋದು ಕಮ್ಮಿ’ ಅಂದ ನೇರಮಾತು ಅವರಿಗೆ ಗಾರ್ಮೆಂಟ್ಸ್ ದಿನಚರಿ. ರಾಮನಗರ, ಕನಕಪುರ, ಮದ್ದೂರು ಕಡೆಯಿಂದ ಬೆಂಗಳೂರಿಗೆ ಬರೋ ವ್ಯಾನ್ ಹಿಡೀಬೇಕು ಅಂದ್ರೆ ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ಒಂದೇ ಸಲಕ್ಕೆ ಆಗೋ ಅಡುಗೆ ಅಂದ್ರೆ ಚಿತ್ರಾನ್ನ, ಪುಳಿಯೋಗರೆ, ಟೊಮೇಟೊ ಬಾತು. ತಿಂಡಿಗೂ ಅದೇ, ಮಧ್ಯಾಹ್ನದ ಡಬ್ಬಿಗೂ ಅದೇ. ಎರಡು ಹೊತ್ತು ಅನ್ನ, ಎಣ್ಣೆ, ನಾಲ್ಕು ಕಡಲೆಬೀಜ. ಆಮೇಲೆ ಎಂಟು ಗಂಟೆ ಸ್ಟೂಲ್ ಮೇಲೆ. ಓಡೋದು ಬಲಗಾಲ ಪಾದ, ಎರಡು ಕೈ, ಕಣ್ಣು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇದ್ದಾಗ ಎದ್ದು ಶೌಚಾಲಯಕ್ಕೆ ಹೋದ್ರೆ ಲೈನ್ ನಿಲ್ಲುತ್ತೆ, ಅದಕ್ಕೆ ನೀರೇ ಕುಡಿಯಲ್ಲ. ಮೈ ಸುಸ್ತಾಗುತ್ತೆ, ಆದ್ರೆ ಸುಡೋ ಕ್ಯಾಲೊರಿ ಆಫೀಸ್ ಕುರ್ಚಿಗಿಂತ ಸ್ವಲ್ಪ ಮಾತ್ರ ಜಾಸ್ತಿ. ದುಡಿಮೆ ಬೇರೆ, ವ್ಯಾಯಾಮ ಬೇರೆ. ರಾತ್ರಿ ಹನ್ನೊಂದಕ್ಕೆ ಮಲಗಿದ್ರೆ ನಿದ್ದೆ ಐದೂವರೆ ಗಂಟೆ. ನಿದ್ದೆ ಕಮ್ಮಿ ಆದ್ರೆ ಹಸಿವು ಏರುತ್ತೆ, ಅದೂ ಸಿಹಿ-ಕರಿದದ್ದರ ಕಡೆಗೇ.

ಇಲ್ಲಿ ಮಾಡೋಕೆ ಆಗೋದು ಕ್ಯಾಂಟೀನು. 1948ರ ಕಾರ್ಖಾನೆ ಕಾಯ್ದೆಯ 46ನೇ ಕಲಂ ಪ್ರಕಾರ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ರೆ ಕ್ಯಾಂಟೀನ್ ಇರಲೇಬೇಕಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 100ಕ್ಕೆ ಇಳಿದಿದೆ. 46ನೇ ಕಲಮಲ್ಲೇ ಕ್ಯಾಂಟೀನ್ ಸಮಿತಿ, ಅದರಲ್ಲಿ ಕಾರ್ಮಿಕರ ಪ್ರತಿನಿಧಿ ಅನ್ನೋದೂ ಇತ್ತು. ಎಷ್ಟೋ ಕಡೆ ಕ್ಯಾಂಟೀನ್ ಅಂದ್ರೆ ಡಬ್ಬಿ ಬಿಚ್ಚಿ ಉಣ್ಣೋ ಒಂದು ಶೆಡ್ಡು, ಟೀ ಮತ್ತು ಬಜ್ಜಿ. ಸಮಿತಿಯಲ್ಲಿ ಕೇಳಬೇಕಾದ್ದು ತುಂಬ ಚಿಕ್ಕದು: ಬೇಯಿಸಿದ ಮೊಟ್ಟೆ ಅಥವಾ ಕಾಳಿನ ಉಸಲಿ, ಮಜ್ಜಿಗೆ, ಎರಡೂ ಅಸಲು ದರಕ್ಕೆ. ಮನೆ ಡಬ್ಬಿಯ ಚಿತ್ರಾನ್ನ ಅರ್ಧಕ್ಕೆ ಇಳಿಯುತ್ತೆ.

ನೇರಮಾತು
ಎಂಟು ಗಂಟೆ ಕೂತು ದಪ್ಪ ಆಗೋದು ನಾನು ಹೇಳಿದ್ದೇ ಆಯ್ತಲ್ಲ, ‘ಕಮ್ಮಿ ಕದಲೋದು’. ಇರಲಿ, ಅವರ ತಪ್ಪಲ್ಲ ಅನ್ನೋದು ಒಪ್ತೀನಿ. ಆದ್ರೆ 5 ರೂಪಾಯಿ, 10 ರೂಪಾಯಿ ಪ್ಯಾಕೆಟ್‌ಗಳು? ಅದನ್ನ ಯಾರೂ ಬಾಯಿಗೆ ತುರುಕಲ್ಲ.

ಲೆಕ್ಕಾಚಾರಿ
ತುರುಕಲ್ಲ, ಅಗ್ಗ ಮಾಡ್ತಾರೆ. 5 ರೂಪಾಯಿಗೆ 45-50 ಗ್ರಾಂ ಗ್ಲುಕೋಸ್ ಬಿಸ್ಕತ್ ಬಂದ್ರೆ 200 ಕ್ಯಾಲೊರಿ ಮೇಲೆ. ಒಂದು ಬಾಳೆಹಣ್ಣು 6-7 ರೂಪಾಯಿ, 100 ಕ್ಯಾಲೊರಿ, ಮೂರು ದಿನಕ್ಕೆ ಕಪ್ಪಾಗುತ್ತೆ. ಪ್ಯಾಕೆಟ್ ಆರು ತಿಂಗಳು ನೇತಾಡುತ್ತೆ. ಗೂಡಂಗಡಿಯವನು ಯಾವುದನ್ನ ಇಡ್ತಾನೆ?

ತೆರಿಗೆ ಕಡೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್, ಚಾಕೊಲೇಟ್ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳೀತು, ಪ್ಯಾಕೆಟ್ ಕುರುಕಲು ಶೇ 12ರಿಂದ ಶೇ 5ಕ್ಕೆ. ಸೋಡಾ-ಕೋಲಾಕ್ಕೆ ಮಾತ್ರ ಶೇ 40. ಅದೇ ವರ್ಷ ಮೇ ಕೊನೇಲಿ ಕಚ್ಚಾ ಪಾಮ್ ಎಣ್ಣೆ ಮೇಲಿನ ಮೂಲ ಆಮದು ಸುಂಕ ಶೇ 20ರಿಂದ ಶೇ 10ಕ್ಕೆ. ಫೆಬ್ರುವರಿಯಲ್ಲಿ ಪ್ರಧಾನಿಗಳು ‘ಎಣ್ಣೆ ಶೇ 10 ಕಡಿಮೆ ಬಳಸಿ’ ಅಂತ ರೇಡಿಯೊದಲ್ಲಿ ಹೇಳಿದ್ರು. ಮೂರು ತಿಂಗಳಿಗೆ ಎಣ್ಣೆ ಅಗ್ಗ ಆಯ್ತು. ಅಡುಗೆಮನೆ ದೃಷ್ಟಿಯಿಂದ ಎಣ್ಣೆ ಅಗ್ಗ ಆಗಿದ್ದು ಒಳ್ಳೇದೇ, ಆದ್ರೆ ಬಲಗೈ ಹೇಳಿದ್ದು ಎಡಗೈಗೆ ಗೊತ್ತಿಲ್ಲ.

ಬೀದಿದೀಪ
ಕೇರಳದಲ್ಲಿ ಬರ್ಗರ್-ಪಿಜ್ಜಾಗೆ ತೆರಿಗೆ ಹಾಕಿದ್ರಲ್ಲ?

ತೂಕದಕಲ್ಲು
2016ರಲ್ಲಿ, ಶೇ 14.5. ಬ್ರ್ಯಾಂಡೆಡ್ ಹೋಟೆಲ್ಲಿಗೆ ಮಾತ್ರ. ಪೊರೋಟಕ್ಕೆ, ಬೇಕರಿ ಪಫ್ಸ್‌ಗೆ ಇಲ್ಲ. 2017ಕ್ಕೆ ಜಿಎಸ್‌ಟಿ ಬಂದು ಅದು ಮುಗೀತು. ಇಂಥ ತೆರಿಗೆ ನಾಟಬೇಕು ಅಂದ್ರೆ ಮೆಕ್ಸಿಕೊ 2014ರಲ್ಲಿ ಮಾಡಿದ ಹಾಗೆ ಲೀಟರಿಗೆ ಒಂದು ಪೆಸೊ ಅಂತ ಸಕ್ಕರೆ ಪಾನೀಯಕ್ಕೆಲ್ಲ ಒಂದೇ ಸಮ ಹಾಕಬೇಕು. ಲೇಬಲ್ ವಿಷಯದಲ್ಲಿ ಚಿಲಿ 2016ರಿಂದ ಕಪ್ಪು ಅಷ್ಟಕೋನ ಹಾಕಿಸ್ತಿದೆ. ಓದು ಬರದೋರಿಗೂ ‘ಕಪ್ಪು ಗುರುತು ಮೂರಿದೆ’ ಅಂತ ತಿಳಿಯುತ್ತೆ. ನಮ್ಮಲ್ಲಿ 2022ರ ಕರಡಲ್ಲಿ ನಕ್ಷತ್ರದ ಗುರುತು ಅಂದ್ರು. ನಕ್ಷತ್ರ ಕಂಡ್ರೆ ಯಾರಾದ್ರೂ ಬಿಡ್ತಾರಾ? ಒಂದು ನಕ್ಷತ್ರ ಇದ್ರೂ ಬಹುಮಾನ ಸಿಕ್ಕ ಹಾಗೆ ಕಾಣುತ್ತೆ.

ಸೊಂಟದಪಟ್ಟಿ
ಆರೋಗ್ಯ ಕೇಂದ್ರದ ಕಡೆ ಬನ್ನಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಫಾರಂ ತುಂಬ್ತಾರೆ, ಸೊಂಟ ಅಳೀತಾರೆ. ಅದರಲ್ಲಿ ಬೊಜ್ಜಿರೋ ಈ ಬಡ ಹೆಂಗಸರು ಸಿಕ್ಕಿಬೀಳಬೇಕಲ್ವಾ?

ತೂಕದಕಲ್ಲು
ಸಿಕ್ಕಿಬೀಳಬೇಕು, ಆದ್ರೆ ಜಾಳಿಗೆಯಲ್ಲಿ ಎರಡು ತೂತಿದೆ.

ಒಂದು, ಅಂಕ. ಸಿಬ್ಯಾಕ್ ಅನ್ನೋ ಆ ಫಾರಂನಲ್ಲಿ ವಯಸ್ಸು 40-49ಕ್ಕೆ 2 ಅಂಕ, ಹೆಂಗಸಿನ ಸೊಂಟ 80-90ಕ್ಕೆ 1, ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ ಇಲ್ಲ ಅಂದ್ರೆ 1, ಅಪ್ಪ-ಅಮ್ಮ-ಒಡಹುಟ್ಟಿದೋರಿಗೆ ಬಿಪಿ, ಸಕ್ಕರೆ, ಹೃದಯದ ಕಾಯಿಲೆ ಇದ್ರೆ 2. ಒಟ್ಟು 4 ದಾಟಿದೋರನ್ನ ತಪಾಸಣೆಗೆ ಮೊದಲು ಕರೀತಾರೆ. ಈಗ 42 ವರ್ಷದ ಮನೆಗೆಲಸದ ಹೆಂಗಸು, ಸೊಂಟ 88. ‘ಚಟುವಟಿಕೆ ಇದೆಯಾ’ ಅಂದ್ರೆ ದಿನವಿಡೀ ಕೆಲಸ, ಹಾಗಾಗಿ 0. ‘ಮನೇಲಿ ಯಾರಿಗಾದ್ರೂ ಸಕ್ಕರೆ ಇತ್ತಾ’ ಅಂದ್ರೆ, ಪರೀಕ್ಷೆನೇ ಮಾಡಿಸದೆ ತೀರಿಹೋದ ತಂದೆತಾಯಿ, ‘ಗೊತ್ತಿಲ್ಲ’, ಅದಕ್ಕೂ 0. ಒಟ್ಟು 3. ಅದೇ ವಯಸ್ಸು, ಅದೇ ಸೊಂಟದ, ಕೂತು ಕೆಲಸ ಮಾಡೋ, ಅಪ್ಪನಿಗೆ ಸಕ್ಕರೆ ಇರೋದು ಗೊತ್ತಿರೋ ಬ್ಯಾಂಕ್ ಉದ್ಯೋಗಿಗೆ 2+1+1+2, ಅಂದ್ರೆ 6. ನಿಯಮದ ಪ್ರಕಾರ 30 ದಾಟಿದ ಎಲ್ಲರಿಗೂ ತಪಾಸಣೆ ಇದೆ, 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ವೂ ಮನೆಗೇ ಬರುತ್ತೆ. ಆದ್ರೆ ಸರದಿಯಲ್ಲಿ ಮುಂದೆ ನಿಲ್ಲೋರು ಯಾರು ಅನ್ನೋದು ಈ ಅಂಕದ ಮೇಲೆ.

ಎರಡು, ಟೇಪು. ಸರಿಯಾದ ಜಾಗ ಅಂದ್ರೆ ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಿನ ಅಂಚು, ಇವೆರಡರ ನಡುವೆ. ಸೀರೆ ಉಟ್ಟೋರಲ್ಲಿ ಲಂಗದ ಲಾಡಿ ವರ್ಷಗಟ್ಟಲೆ ಬಿಗಿದು ಒಂದು ಗುಣಿ ಬಿದ್ದಿರುತ್ತೆ, ಟೇಪು ಜಾರಿ ಅಲ್ಲೇ ಕೂರುತ್ತೆ. ಅಳತೆ ಕಮ್ಮಿ ಬರುತ್ತೆ. ಸೀರೆ ಮೇಲೇ ಸುತ್ತಿದ್ರೆ ನೆರಿಗೆ ಸೇರಿ ಜಾಸ್ತಿ ಬರುತ್ತೆ. ಲಾಡಿ ಸಡಿಲಿಸಿ, ಪಕ್ಕೆಲುಬಿನ ತುದಿಯನ್ನ ಬೆರಳಲ್ಲಿ ಹುಡುಕಿ, ಟೇಪು ನೆಲಕ್ಕೆ ಸಮವಾಗಿ ಹಿಡಿದು, ಸಹಜವಾಗಿ ಉಸಿರು ಬಿಟ್ಟಾಗ ಓದಬೇಕು. ‘ಹೊಟ್ಟೆ ಒಳಗೆ ಎಳ್ಕೋಬೇಡಿ ಅಮ್ಮಾ’ ಅಂತ ಹೇಳಲೇಬೇಕು. ಬಟ್ಟೆ ಟೇಪು ಹಳೇದಾದ್ರೆ ಹಿಗ್ಗುತ್ತೆ. ತಿಂಗಳಿಗೊಮ್ಮೆ ಸ್ಟೀಲ್ ಅಡಿಪಟ್ಟಿ ಪಕ್ಕ ಇಟ್ಟು ನೋಡಬೇಕು. ಬಾಗಿಲಲ್ಲಿ ನಿಲ್ಲಿಸಿ ಇದೆಲ್ಲ ಆಗೋ ಕೆಲಸ ಅಲ್ಲ, ಒಳಗೆ ಕರ್ಕೊಂಡು ಹೋಗಬೇಕು.

ಟೇಪೇ ಇಲ್ಲದಿದ್ರೆ ಒಂದು ದಾರ ತಗೊಳ್ಳಿ. ಎತ್ತರದಷ್ಟು ಉದ್ದ ಕತ್ತರಿಸಿ, ಅರ್ಧಕ್ಕೆ ಮಡಚಿ, ಸೊಂಟಕ್ಕೆ ಸುತ್ತಿ. ತುದಿಗಳು ಸೇರಲಿಲ್ಲ ಅಂದ್ರೆ ಹೊಟ್ಟೆ ಜಾಸ್ತಿ ಇದೆ.

ಬೀದಿದೀಪ
ದಾರ ಸೇರಲಿಲ್ಲ. ದಾರಾನೇ ಸರಿ ಇಲ್ಲ ಅನ್ಸುತ್ತೆ.

ಕಡಲತಡಿ
ತಾಯಿಯ ಹೊಟ್ಟೆಯಿಂದಲೇ ಶುರುವಾಗ್ತದೆ ಎನ್ನುವ ಮಾತು ಯಾರೂ ಎತ್ತಲಿಲ್ಲ. ಮೈಸೂರಲ್ಲೇ ಆದ ಸಂಶೋಧನೆ ಅಲ್ವಾ ಅದು?

ತೂಕದಕಲ್ಲು
ಹೌದು, ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಮೈಸೂರಿನೋರಿಗೆ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟ ದಾಖಲೆ ಉಳಿದಿತ್ತು. ಹುಟ್ಟಿದಾಗಿನ ಅಳತೆಗೂ ಮುಂದೆ ಬರೋ ಹೃದಯದ ಕಾಯಿಲೆ, ಸಕ್ಕರೆಗೂ ನಂಟು ಹುಡುಕೋಕೆ ಇಂಗ್ಲೆಂಡಿನ ಸೌತಾಂಪ್ಟನ್ ತಂಡ, ಕ್ಯಾರೊಲಿನ್ ಫಾಲ್ ಮತ್ತಿತರರು, ಆ ಮಕ್ಕಳನ್ನ ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದ್ರು. ಆಗಲೇ ಹೇಳಿದ ಡಾ. ಯಾಜ್ಞಿಕ್ ತಂಡದ ಪುಣೆ ಅಧ್ಯಯನದಲ್ಲಿ ಹಳ್ಳಿ ಮಕ್ಕಳ ಹುಟ್ಟುತೂಕ ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಮಕ್ಕಳದ್ದು 3.5. ತೂಕ ಅಷ್ಟು ಕಮ್ಮಿ ಇದ್ರೂ ಚರ್ಮದಡಿಯ ಕೊಬ್ಬು ಹೆಚ್ಚುಕಮ್ಮಿ ಉಳಿದಿತ್ತು. ಕಮ್ಮಿ ಆಗಿದ್ದು ಸ್ನಾಯು, ಒಳ ಅಂಗಗಳು. ಸ್ನಾಯು ಕಮ್ಮಿ ಇಟ್ಕೊಂಡು ಹುಟ್ಟಿದ ಮಗು ಮುಂದೆ ಅನ್ನ-ಎಣ್ಣೆ ಯಥೇಚ್ಛ ಸಿಗೋ ಊರಿಗೆ ಬಂದ್ರೆ ಸಕ್ಕರೆ ಇಳಿಸೋಕೆ ಜಾಗವೇ ಇಲ್ಲ. ಮೊದಲ ಪೋಸ್ಟಿನಲ್ಲಿ ಕೇಳಿದ ‘ಕುಳ್ಳಗಾದ ಮಗು, ಬೊಜ್ಜಿನ ತಾಯಿ’ ಎರಡು ಸಮಸ್ಯೆ ಅಲ್ಲ. ಆ ತಾಯಿಯೂ ಒಂದು ಕಾಲಕ್ಕೆ ಆ ಮಗುವೇ.

ನೇರಮಾತು
ಹಾಗಾದ್ರೆ ಈಗ ಬಂದಿದೆಯಲ್ಲ ತೂಕ ಇಳಿಸೋ ಇಂಜೆಕ್ಷನ್, ಅದನ್ನೇ ಸರ್ಕಾರ ಕೊಡಲಿ.

ಪಥ್ಯದಪುಟ
ಟಿರ್ಜೆಪಟೈಡ್ 2025ರ ಮಾರ್ಚಲ್ಲಿ ಬಂದಾಗ 2.5 ಮಿಲಿಗ್ರಾಂ ಸೀಸೆ 3,500 ರೂಪಾಯಿ, ವಾರಕ್ಕೊಂದು. ತಿಂಗಳಿಗೆ 14,000. ಗಾರ್ಮೆಂಟ್ಸ್ ಸಂಬಳ ಪೂರ್ತಿ ಸುರಿದ್ರೂ ಸಾಲಲ್ಲ. ಅದೇ ಥರದ ಇನ್ನೊಂದು ಔಷಧಿ ಸೆಮಾಗ್ಲುಟೈಡ್ ಪೇಟೆಂಟಿನ ಗಡುವು 2026ರ ಮಾರ್ಚ್, ಆಮೇಲಿಂದ ದರದ ಮಾತು ಬೇರೆ. ಆದ್ರೆ ದರ ಇಳಿದ್ರೂ ಒಂದು ತೊಡಕಿದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುನೂ ಹೋಗುತ್ತೆ. ಹಸಿವು ಸತ್ತಾಗ ತಿನ್ನೋ ಎರಡು ತುತ್ತು ಅನ್ನ-ತಿಳಿಸಾರೇ ಆದ್ರೆ ಸ್ನಾಯು ಇನ್ನೂ ಬೇಗ ಕರಗುತ್ತೆ. ಮೊದಲೇ ಸ್ನಾಯು ಕಮ್ಮಿ ಇರೋರು ಇವರು. ಔಷಧಿ ನಿಲ್ಲಿಸಿದ್ರೆ ತೂಕ ವಾಪಸ್ ಬರುತ್ತೆ, ಬರೋದು ಹೆಚ್ಚಾಗಿ ಕೊಬ್ಬಾಗಿ.

ಹೊಲಿಗೆಯಂತ್ರ
ಅದಕ್ಕಿಂತ ರೇಷನ್ ಚೀಲದಲ್ಲೇ ಬೇಳೆ ಹಾಕಿದ್ರೆ ಆಗಲ್ವಾ? ತಮಿಳುನಾಡಲ್ಲಿ ತೊಗರಿಬೇಳೆ ಕೆಜಿಗೆ 30, ಪಾಮ್ ಎಣ್ಣೆ ಲೀಟರಿಗೆ 25ರ ಹಾಗೆ ವರ್ಷಗಳಿಂದ ಕೊಡ್ತಿದ್ದಾರೆ.

ಲೆಕ್ಕಾಚಾರಿ
ಇಲ್ಲೂ 2025ರಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಅಂತ ಸಂಪುಟ ತೀರ್ಮಾನ ಮಾಡ್ತು. ದಿಕ್ಕು ಸರಿ ಇದೆ. ನನ್ನ ತಕರಾರು ಸಕ್ಕರೆ ಮೇಲೆ ಮಾತ್ರ. ಆ ದುಡ್ಡಿಗೆ ಹುರುಳಿ ಕೊಡಲಿ. ನಮ್ಮ ಬಯಲುಸೀಮೆ ಬೆಳೆ, ಮಳೆ ಕಮ್ಮಿ ಆದ್ರೂ ಬರುತ್ತೆ.

ಶಾಲೆ ಊಟದಲ್ಲಿ ಕೆಲಸ ಆಗಲೇ ಆಗಿದೆ ನೋಡಿ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ. ಬೇಡ ಅಂದೋರಿಗೆ ಬಾಳೆಹಣ್ಣು.

ಪಥ್ಯದಪುಟ
ಬಾಳೆಹಣ್ಣಲ್ಲಿ ಪ್ರೋಟೀನ್ ಒಂದು ಗ್ರಾಂ, ಮೊಟ್ಟೇಲಿ ಆರು. ಬದಲಿ ಅಂದ್ರೆ ಬದಲಿ ಆಗಿರಬೇಕು. 25 ಗ್ರಾಂ ಹುರಿದ ಕಡಲೆಬೀಜ ಕೊಟ್ರೆ ಆರು ಗ್ರಾಂ ಬರುತ್ತೆ.

ನೇರಮಾತು
ಚರ್ಚೆ ಪೂರ್ತಿ ಒಪ್ಪಿಲ್ಲ ನಾನು, ಪ್ಯಾಕೆಟ್ ವಿಷಯದಲ್ಲಿ ಮನೆಯೋರ ಜವಾಬ್ದಾರಿನೂ ಇದೆ. ಆದ್ರೆ ಸಿಬ್ಯಾಕ್ ಅಂಕದ ಲೆಕ್ಕ ನೋಡಿ ಸುಮ್ಮನಾದೆ. ಮನೆಗೆಲಸನ ಆ 150 ನಿಮಿಷಕ್ಕೆ ಸೇರಿಸ್ಬೇಕಾ, ಬೇಡ್ವಾ?

ತೂಕದಕಲ್ಲು
ಉಸಿರು ಏರೋ ಕೆಲಸ ಆದ್ರೆ ಸೇರಿಸಬಹುದು. ನೆಲ ಉಜ್ಜೋದು, ನೀರು ಹೊರೋದು, ಮೆಟ್ಟಿಲು ಹತ್ತೋದು ಲೆಕ್ಕಕ್ಕೆ ಬರುತ್ತೆ. ನಿಂತು ಪಾತ್ರೆ ತೊಳೆಯೋದು, ತರಕಾರಿ ಹೆಚ್ಚೋದು ಬರಲ್ಲ. ಫಾರಂ ತುಂಬೋರು ‘ಕೆಲಸ ಮಾಡ್ತೀರಾ’ ಅಂತ ಕೇಳೋ ಬದಲು ‘ಮಾಡುವಾಗ ಹಾಡು ಹೇಳೋಕೆ ಆಗುತ್ತಾ’ ಅಂತ ಕೇಳಬೇಕು. ಹಾಡೋಕೆ ಆದ್ರೆ ಅದು ಸೇರಲ್ಲ.

ಕಡಲತಡಿ
ಹುರುಳಿ ಎಂದು ಎಲ್ಲರೂ ಹೇಳ್ತೀರಿ, ಎಷ್ಟು ಬೇಯಿಸಿದರೂ ಕಲ್ಲಿನ ಹಾಗೆ ಇರ್ತದಲ್ಲ? ಗ್ಯಾಸ್ ಖರ್ಚು ಯಾರು ಕೊಡುವುದು?

ಪಥ್ಯದಪುಟ
ರಾತ್ರಿ ನೆನೆಹಾಕಿ, ಎಂಟು ಗಂಟೆಗೆ ಕಮ್ಮಿ ಇಲ್ಲದ ಹಾಗೆ. ಬೋರ್‌ವೆಲ್‌ನ ಗಡಸು ನೀರಲ್ಲಿ ಕಾಳು ಮೆತ್ತಗಾಗಲ್ಲ, ಕುಡಿಯೋ ನೀರು ಹಾಕಿ. ಉಪ್ಪು, ಹುಣಿಸೆ ಬೆಂದ ಮೇಲೆ. ಒಂದು ಲೋಟ ಕಾಳಿಗೆ ಐದು ಲೋಟ ನೀರು, ಕುಕ್ಕರಲ್ಲಿ ಆರು ಸೀಟಿ, ಆಮೇಲೆ ಒಲೆ ಆರಿಸಿ ಹಬೆ ತಾನಾಗೇ ಇಳಿಯೋ ತನಕ ಮುಟ್ಟಬೇಡಿ. ಮೊಳಕೆ ಕಟ್ಟಿದ್ರೆ ಮೂರೇ ಸೀಟಿ. ಹಳೇ ಕಾಳಾದ್ರೆ ಮಾತ್ರ ಏನು ಮಾಡಿದ್ರೂ ಗಟ್ಟಿನೇ. ಅಂಗಡೀಲಿ ಹೊಸ ಫಸಲಾ ಅಂತ ಕೇಳಿ ತನ್ನಿ.

ಜೋಳದರೊಟ್ಟಿ
ಆ ಕಟ್ಟಿನ ಸಾರಿಗೆ ಬಿಸಿ ಜ್ವಾಳದ ರೊಟ್ಟಿ ಮುರಿದು ಹಾಕ್ರಿ. ಮುದ್ದಿಯವರು ಬೈಕೊಂಡ್ರ ಬೈಕೊಳ್ಳಿ.